ಪ್ರಶ್ನೆಯನ್ನು ಕಳೆದುಕೊಂಡ ಉತ್ತರಗಳು

ಮಾಷ್ಟ್ರು: ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಇಷ್ಟು ವರ್ಷಗಳಿಂದ ಕೆಲಸ ಮಾಡುತ್ತಿರುವವಳು ನೀನು, ಆದುದರಿಂದ, ತಂಗೀ, ಬಹುಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಒಂದು ಸಂದೇಹವನ್ನು ವೈದ್ಯರ ಮುಂದಿಡುವ ಮೊದಲು ನಿನ್ನ ಮುಂದೆ ಇಡುತ್ತಿದ್ದೇನೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಮನೆಯ ಅಡುಗೆಯನ್ನು ನೋಡಿದರೂ ಒಗ್ಗರಣೆಗೆ ತೆಂಗಿನೆಣ್ಣೆ. ನನ್ನ ಅಜ್ಜಿ ಅದನ್ನು ಉಂಡು, ತಲೆಗೆ ತಿಕ್ಕಿಕೊಂಡು, ಬಾಣಂತಿಯರ ಮೈಗೆ ಸವರಿ ತುಂಬು ಬಾಳು ಬಾಳಿದವಳು. ಈಗ ನೋಡಿದರೆ ಪತ್ರಿಕೆ ಒಂದು ತಿಂಗಳು ಅದನ್ನು ವಿಷವೆನ್ನುತ್ತದೆ, ಮತ್ತೊಂದು ತಿಂಗಳು ಹೃದಯಕ್ಕೆ ಹಿತವೆನ್ನುತ್ತದೆ. ಎರಡಕ್ಕೂ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ಒಂದೇ ಮುದ್ರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲವೆ?

ಗ್ರಂಥಪಾಲಕಿ: ಯಾರೂ ಸುಳ್ಳು ಹೇಳದೆಯೇ ಹೀಗಾಗಬಹುದು, ಮಾಷ್ಟ್ರೇ. ವಿಷವೆಂಬ ಮಾತು 2018ರಲ್ಲಿ ಲೋಕವನ್ನೆಲ್ಲ ಸುತ್ತಿ ಬಂದಿತು. ಅದು ಹಾರ್ವರ್ಡ್ ವಿಶ್ವವಿದ್ಯಾಲಯದೊಡನೆ ಸಂಬಂಧವಿದ್ದ ಕರಿನ್ ಮಿಶೆಲ್ಸ್ ಎಂಬ ಪ್ರಾಧ್ಯಾಪಿಕೆ ಜರ್ಮನಿಯಲ್ಲಿ ಮಾಡಿದ ಒಂದು ಉಪನ್ಯಾಸದೊಳಗಿನ ಮಾತು. ಹೊಸದಾಗಿ ನಡೆದ ಪ್ರಯೋಗದ ಫಲವಲ್ಲ. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು ತೊಂಬತ್ತರಷ್ಟು ಮಂದಿ ಆರೋಗ್ಯವಂತರನ್ನು ಮೂರು ಪಾಲು ಮಾಡಿ, ಒಬ್ಬೊಬ್ಬರಿಗೂ ದಿನಕ್ಕೆ 50 ಗ್ರಾಂನಂತೆ ನಾಲ್ಕು ವಾರ ಒಂದು ಪಾಲಿಗೆ ತೆಂಗಿನೆಣ್ಣೆ, ಒಂದು ಪಾಲಿಗೆ ಬೆಣ್ಣೆ, ಇನ್ನೊಂದಕ್ಕೆ ಆಲಿವ್ ಎಣ್ಣೆ ತಿನ್ನಿಸಿ ರಕ್ತ ಪರೀಕ್ಷೆ ಮಾಡಿದರು. ಬೆಣ್ಣೆ ತಿಂದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿತು. ತೆಂಗಿನೆಣ್ಣೆಗೂ ಆಲಿವ್ ಎಣ್ಣೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಿತವೆಂಬ ಸುದ್ದಿಗೆ ಅದು ಆಧಾರ. ಎರಡು ವರ್ಷಗಳ ಬಳಿಕ, 2020ರಲ್ಲಿ, ‘ಸರ್ಕ್ಯುಲೇಶನ್’ ಎಂಬ ಹೃದ್ರೋಗ ವಿಜ್ಞಾನದ ಪತ್ರಿಕೆಯಲ್ಲಿ ಇಂಥ ಹದಿನಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ವಿಮರ್ಶೆಯೊಂದು ಪ್ರಕಟವಾಯಿತು. ಸೂರ್ಯಕಾಂತಿ, ಸೋಯಾ ಮೊದಲಾದ ಎಣ್ಣೆಗಳನ್ನು ತಿಂದವರಿಗಿಂತ ತೆಂಗಿನೆಣ್ಣೆ ತಿಂದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು; ಒಳ್ಳೆಯದೆನ್ನುವ ಕೊಲೆಸ್ಟರಾಲ್ ಕೂಡ ಸುಮಾರು 4 ಮಿಲಿಗ್ರಾಂ ಏರಿತ್ತು.

ಮಾಷ್ಟ್ರು: ಹಾಗಾದರೆ ಕೊನೆಯಲ್ಲಿ ತೀರ್ಮಾನವೇನಾಯಿತು?

ಗ್ರಂಥಪಾಲಕಿ: ಬೆಣ್ಣೆಗೆ ಹೋಲಿಸಿದರೆ ಒಂದು ಉತ್ತರ, ಸೂರ್ಯಕಾಂತಿಗೆ ಹೋಲಿಸಿದರೆ ಇನ್ನೊಂದು ಉತ್ತರ. ಈ ಯಾವ ಪರೀಕ್ಷೆಯೂ ಎಷ್ಟು ಮಂದಿಗೆ ಹೃದಯಾಘಾತವಾಯಿತೆಂದು ಎಣಿಸಿದ್ದಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ರಕ್ತದ ಕೊಬ್ಬನ್ನು ಅಳೆದದ್ದು. ನಿಮ್ಮ ಅಜ್ಜಿಯಂತೆ ಕುಚ್ಚಲಕ್ಕಿ ಗಂಜಿಗೂ ಮೀನಿಗೂ ಜೊತೆಯಾಗಿ, ಗದ್ದೆಯಲ್ಲಿ ನೇಜಿ ನೆಡುತ್ತ, ಜೀವಮಾನವೆಲ್ಲ ತಿಂದವರ ಕಥೆಯನ್ನು ಅವು ಕೇಳಿರಲೇ ಇಲ್ಲ. ಪತ್ರಿಕೆಯವರು ಉತ್ತರವನ್ನು ಮಾತ್ರ ಅಚ್ಚುಹಾಕಿ, ಅದು ಯಾವ ಪ್ರಶ್ನೆಗೆ ಬಂದ ಉತ್ತರವೆಂಬುದನ್ನು ಕತ್ತರಿಸಿ ಬಿಸಾಡಿದರು. ಗಂಗೊಳ್ಳಿಯ ಬಂದರಿನಲ್ಲಿ ತಲೆ ತೆಗೆದ ಮೀನನ್ನು ಯಾರಾದರೂ ಮುಂದೆ ಹಿಡಿದರೆ ನೀವು ತೆಗೆದುಕೊಳ್ಳುತ್ತೀರಾ? ಕಿವಿರು ನೋಡದೆ ಅದು ಹಸಿಯೋ ಹಳಸೋ ಎಂದು ಹೇಳುವುದು ಹೇಗೆ? ಆರೋಗ್ಯದ ಸುದ್ದಿ ನಮಗೆ ತಲುಪುವುದು ಬಹುಮಟ್ಟಿಗೆ ಹಾಗೆ. ಆ ತಲೆಯನ್ನು ಹುಡುಕಿ ತಂದು ಅದರ ಮೈಗೆ ಹೊಂದಿಸಿ ತೋರಿಸುವುದೇ ನನ್ನ ಉದ್ಯೋಗ.

ಮಾಷ್ಟ್ರು: ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿಡುವುದೇ ನಿನ್ನ ಉದ್ಯೋಗವೆಂದು ನಾನು ತಿಳಿದಿದ್ದೆ.

ಗ್ರಂಥಪಾಲಕಿ: ಜೋಡಿಸುವ ವಿದ್ಯೆಯಿಂದಲೇ ಇದೂ ಹುಟ್ಟಿದ್ದು. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದವರು. 1933ರಲ್ಲಿ ಅವರು ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ವೈದ್ಯಕೀಯಕ್ಕೆ ‘ಎಲ್’ ಎಂಬ ಅಕ್ಷರ, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421. ನಮಗೆ ಪಾಠ ಹೇಳಿದವರೆಲ್ಲ ತಪ್ಪದೆ ಬರೆದು ತೋರಿಸುತ್ತಿದ್ದ ಉದಾಹರಣೆಯೊಂದುಂಟು: ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಕಿರಣಗಳಿಂದ ಮಾಡುವ ಚಿಕಿತ್ಸೆಯನ್ನು ಕುರಿತು 1950ರ ದಶಕದ ಭಾರತದಲ್ಲಿ ನಡೆದ ಸಂಶೋಧನೆ. ಅಂಗ ಯಾವುದು, ರೋಗ ಯಾವುದು, ಮಾಡಿದ್ದೇನು, ಯಾವುದರಿಂದ ಮಾಡಿದ್ದು, ಎಲ್ಲಿ, ಯಾವಾಗ ಎಂಬ ಒಂದೊಂದಕ್ಕೂ ಒಂದೊಂದು ಅಂಕೆ. ಒಂದು ಸಾಲಿನ ಅಂಕೆಗಳಲ್ಲಿ ಇಡೀ ಪ್ರಶ್ನೆ ಕುಳಿತುಬಿಡುತ್ತದೆ. ಪುಸ್ತಕವನ್ನು ಕಪಾಟಿನಲ್ಲಿಡುವುದಕ್ಕಾಗಿ ಅವರು ಅದನ್ನು ರಚಿಸಿದ್ದಿರಬಹುದು; ಸುದ್ದಿಯನ್ನು ಬಿಡಿಸಿ ನೋಡುವುದಕ್ಕೆ ಅದಕ್ಕಿಂತ ಹರಿತವಾದ ಉಪಕರಣವನ್ನು ನಾನು ಕಂಡಿಲ್ಲ.

ಮಾಷ್ಟ್ರು: ಅದನ್ನು ನಮ್ಮೂರಿನ ಒಂದು ಸುದ್ದಿಯ ಮೇಲೆ ಪ್ರಯೋಗಿಸಿ ತೋರಿಸು. 2022ರಲ್ಲಿ ಜಡ್ಕಲ್, ಮುದೂರು ಕಡೆಯಲ್ಲೆಲ್ಲ ಡೆಂಗಿ ಹಬ್ಬಿದಾಗ ಪಪ್ಪಾಯಿ ಎಲೆಯ ರಸ ಕುಡಿದರೆ ಜ್ವರ ಬಿಡುತ್ತದೆಂಬ ಮಾತು ಮನೆಮನೆಗೂ ಮುಟ್ಟಿತ್ತು; ಮೊಬೈಲಿನಲ್ಲಿ ಬಂದ ಆ ಮಾತಿಗೂ ‘ಸಂಶೋಧನೆಯಿಂದ ಸಿದ್ಧ’ವೆಂಬ ಬಾಲವಿತ್ತು.

ಗ್ರಂಥಪಾಲಕಿ: ಆ ಬಾಲ ಪೂರ್ಣ ಸುಳ್ಳಲ್ಲ. 2013ರಲ್ಲಿ ಮಲೇಶಿಯಾದ ವೈದ್ಯರು 228 ಡೆಂಗಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿನ ಆರೈಕೆಯೊಡನೆ ಮೂರು ದಿನ ಪಪ್ಪಾಯಿ ಎಲೆಯ ರಸವನ್ನು ಕುಡಿಸಿ ನೋಡಿದ ವರದಿ ಅಚ್ಚಾಗಿದೆ. ಈಗ ಕೇಳಬೇಕಾದದ್ದು, ಅವರು ಅಳೆದದ್ದೇನು? ರಕ್ತದ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ನಲವತ್ತು ಗಂಟೆಗಳಲ್ಲಿ ಎಷ್ಟು ಏರಿತೆಂಬುದನ್ನು. ಏರಿತ್ತು, ನಿಜ. ಆದರೆ ಡೆಂಗಿಯಲ್ಲಿ ಚೇತರಿಕೆಯ ಹೊತ್ತಿಗೆ ಆ ಸಂಖ್ಯೆ ತಾನಾಗಿಯೇ ಏರತಕ್ಕದ್ದು. ಪ್ರಾಣ ಉಳಿಯಿತೇ, ರಕ್ತಸ್ರಾವ ತಪ್ಪಿತೇ ಎಂಬುದು ಆ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಜನ ಓದಿಕೊಂಡದ್ದಾದರೋ ಪ್ರಾಣದ ಉತ್ತರವನ್ನು. ಎಲೆಯ ರಸ ಕುಡಿದವರ ಮೇಲೆ ನನಗೆ ಆಕ್ಷೇಪವಿಲ್ಲ, ಮಾಷ್ಟ್ರೇ. ಅದನ್ನು ನಂಬಿಕೊಂಡು, ಹೊಟ್ಟೆನೋವು ತಡೆಯಲಾರದೆ, ವಾಂತಿ ನಿಲ್ಲದೆ, ಒಸಡಿನಲ್ಲಿ ರಕ್ತ ಒಸರುತ್ತಿರುವಾಗಲೂ ಆಸ್ಪತ್ರೆಯ ದಾರಿ ಹಿಡಿಯದೆ ಮನೆಯಲ್ಲಿ ಉಳಿದವರನ್ನು ನೆನೆದರೆ ಸಂಕಟವಾಗುತ್ತದೆ.

ಮಾಷ್ಟ್ರು: ನೀನು ಹೇಳಿದ್ದೆಲ್ಲ ಒಪ್ಪತಕ್ಕದ್ದೇ. ಆದರೂ ನನ್ನದೊಂದು ಅಂಜಿಕೆಯುಂಟು. ಹೀಗೆ ಎಲ್ಲದಕ್ಕೂ ‘ಯಾವುದಕ್ಕೆ ಹೋಲಿಸಿ’, ‘ಏನನ್ನು ಅಳೆದು’ ಎಂದು ಕೇಳುವುದನ್ನು ಊರಿನವರಿಗೆ ಕಲಿಸಿದರೆ, ಕೊನೆಗೆ ಅವರು ವೈದ್ಯರನ್ನೂ ನಂಬದೆ, ಲಸಿಕೆಯನ್ನೂ ನಂಬದೆ, ಸಂಶಯವೊಂದನ್ನೇ ಜಾಣತನವೆಂದು ಭಾವಿಸತೊಡಗುವುದಿಲ್ಲವೆ? ಅರ್ಧ ಕಲಿತ ಸಂಶಯ ಅಜ್ಞಾನಕ್ಕಿಂತ ಅಪಾಯಕರವೆಂಬುದನ್ನು ತರಗತಿಯಲ್ಲಿ ನಾನು ಕಂಡವನು.

ಗ್ರಂಥಪಾಲಕಿ: ಆ ಅಂಜಿಕೆ ನನಗೂ ಇದೆ, ಅದಕ್ಕೆ ನನಗೆ ತೋರಿದ ಸಮಾಧಾನವೆಂದರೆ, ಪ್ರಶ್ನೆ ಕೇಳಿದವನನ್ನು ಅರ್ಧದಾರಿಯಲ್ಲಿ ಬಿಡದೆ ಉತ್ತರದ ಬಾಗಿಲಿನವರೆಗೆ ಕರೆದೊಯ್ಯುವುದು. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಕೊಲ್ಲೂರಿನ ಸುತ್ತ, ಘಟ್ಟದ ಬುಡದ ಹಳ್ಳಿಗಳಲ್ಲಿ, ಕಾಡಿಗೆ ತರಗೆಲೆ ಗುಡಿಸಲು ಹೋಗುವವರಿಗೆ ಇದು ದೂರದ ವಿಷಯವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಮೊದಲು ಹಳದಿ ಜ್ವರವೋ ಎಂದು ಶಂಕಿಸಿ, ಅನಂತರ ಇದೊಂದು ಹೊಸ ವೈರಸ್ ಎಂದೂ ಉಣುಗಿನ ಕಡಿತದಿಂದ ಹರಡುವುದೆಂದೂ ಕಂಡುಕೊಂಡರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1879ರಿಂದ ನಡೆದುಬಂದ ಸೂಚಿಯ ಪರಂಪರೆಯಲ್ಲಿ, ಲೋಕದ ಅನೇಕ ವೈದ್ಯಕೀಯ ಪತ್ರಿಕೆಗಳ ಲೇಖನಗಳಿಗೆ ವಿಷಯಶೀರ್ಷಿಕೆಗಳನ್ನು ಕೊಡುತ್ತದೆ. ಆ ಶೀರ್ಷಿಕೆಗಳ ಪಟ್ಟಿಯಲ್ಲಿ ಕ್ಯಾಸನೂರು ಕಾಡಿನ ರೋಗಕ್ಕೆ ಅದೇ ಹೆಸರಿನ ಪ್ರತ್ಯೇಕ ಸ್ಥಾನವಿದೆ. ಪಬ್‌ಮೆಡ್ ಎಂಬ ಅವರ ಶೋಧಸಾಧನ 1996ರಿಂದ ಯಾರು ಬೇಕಾದರೂ ಹಣವಿಲ್ಲದೆ ಬಳಸುವಂತಿದೆ. ಅದರೊಳಗೆ 3 ಕೋಟಿ 70 ಲಕ್ಷಕ್ಕೂ ಮಿಕ್ಕಿದ ಲೇಖನಗಳ ವಿವರವಿದೆ. ಕುಂದಾಪುರದಲ್ಲಿ ಕುಳಿತು ಆ ಶೀರ್ಷಿಕೆಯನ್ನು ಒತ್ತಿದರೆ, ಸೊರಬದ ಕಾಡಿನ ಬಗ್ಗೆ ಪುಣೆಯಲ್ಲಿ, ಶಿವಮೊಗ್ಗದಲ್ಲಿ, ಅಮೆರಿಕದಲ್ಲಿ ಬರೆದದ್ದೆಲ್ಲ ಒಂದೆಡೆ ಸಾಲುಗಟ್ಟಿ ನಿಲ್ಲುತ್ತದೆ.

ಮಾಷ್ಟ್ರು: ನಿಂತರೆ ಕಾಡಿಗೆ ಹೋಗುವ ಹೆಂಗಸಿಗೆ ಏನು ಬಂತು?

ಗ್ರಂಥಪಾಲಕಿ: ಲಸಿಕೆಯ ಪ್ರಶ್ನೆ ಬರುತ್ತದಲ್ಲ. ಆ ಸಾಲಿನಲ್ಲಿ 1994ರ ವರದಿಯೊಂದಿದೆ: ಎರಡು ಬಾರಿ ಲಸಿಕೆ ಪಡೆದವರಲ್ಲಿ ರಕ್ಷಣೆ ನೂರಕ್ಕೆ ಸುಮಾರು 94ರಷ್ಟು. ಅಲ್ಲಿಗೆ ನಿಂತವನು ಸಂತೋಷದಿಂದ ಸುದ್ದಿ ಬರೆದಾನು. ಇನ್ನೂ ಕೆಳಗೆ, 2013ರ ಅಧ್ಯಯನವಿದೆ. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕ ಹಾಕಿದಾಗ ಎರಡು ಡೋಸಿಗೆ ನೂರಕ್ಕೆ ಸುಮಾರು 62, ಮೇಲೊಂದು ಬೂಸ್ಟರ್ ಪಡೆದವರಿಗೆ ಸುಮಾರು 83. ಅದಾದಮೇಲೆ 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಲಸಿಕೆಯ ಶಕ್ತಿಯ ಬಗ್ಗೆ ಶಂಕೆ ಬಲವಾಗಿ, 2022ರ ಸುಮಾರಿಗೆ ಅದನ್ನು ಕೊಡುವುದೇ ನಿಂತಿತು. ಹೊಸದೊಂದನ್ನು ಸಿದ್ಧಪಡಿಸುವ ಕಾರ್ಯ ನಡೆದಿದೆ. ಒಂದೇ ಕಾಯಿಲೆ, ಒಂದೇ ಲಸಿಕೆ, ಮೂರು ಕಾಲದಲ್ಲಿ ಮೂರು ಉತ್ತರ. ಹಳೆಯ ಲೇಖನವೊಂದನ್ನು ಯಾರೋ ಇಂದು ಹೊಸದೆಂಬಂತೆ ಹಂಚಿದರೆ, ಕಾಡಂಚಿನ ತಾಯಿಯೊಬ್ಬಳು ಇಲ್ಲದ ಲಸಿಕೆಗಾಗಿ ಆಸ್ಪತ್ರೆಗೆ ಅಲೆದು ಬಂದಾಳು. ಉಣುಗು ಕಡಿಯದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಮಾತ್ರ ಕೇಳದೆ ಬಂದಾಳು. ಅವಳಿಗೆ ಬೇಕಾದದ್ದು ಸಂಶಯವಲ್ಲ, ಇಂದಿನ ತಾರೀಖಿನ ಉತ್ತರ.

ಮಾಷ್ಟ್ರು: ಹಳೆಯದು ಅಪಾಯ, ಹೊಸದೇ ಪ್ರಮಾಣವೆಂದಾಯಿತು.

ಗ್ರಂಥಪಾಲಕಿ: ಹಾಗೆ ಅವಸರಪಡಬೇಡಿ! ಹಳೆಯದನ್ನು ನೋಡದೆ ಹೋದ ತಪ್ಪಿಗೆ ಜೀವವೇ ಹೋದ ನಿದರ್ಶನವುಂಟು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಉಬ್ಬಸವನ್ನು ಕುರಿತ ಅಧ್ಯಯನವೊಂದಕ್ಕೆ ಸ್ವಯಂಸೇವಕಿಯಾಗಿ ಬಂದ ಇಪ್ಪತ್ತನಾಲ್ಕು ವರ್ಷದ ಆರೋಗ್ಯವಂತ ಯುವತಿಯೊಬ್ಬಳು ಹೆಕ್ಸಾಮೆಥೋನಿಯಮ್ ಎಂಬ ರಾಸಾಯನಿಕವನ್ನು ಉಸಿರಿನಲ್ಲಿ ಎಳೆದುಕೊಂಡು, ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಅದು ಶ್ವಾಸಕೋಶಕ್ಕೆ ಹಾನಿ ಮಾಡೀತೆಂಬ ವರದಿಗಳು 1950ರ ದಶಕದಲ್ಲಿಯೇ ಅಚ್ಚಾಗಿದ್ದವು. ಆದರೆ ಆಗ ಪಬ್‌ಮೆಡ್‌ನಲ್ಲಿ 1966ಕ್ಕಿಂತ ಹಿಂದಿನವು ಇರಲಿಲ್ಲವಾಗಿ, ಅಷ್ಟನ್ನೇ ನೋಡಿದವರಿಗೆ ಅವು ಕಾಣಲಿಲ್ಲ. ನಮ್ಮ ವೃತ್ತಿಯವರು ಈ ಸಂಗತಿಯನ್ನು ಮರೆಯುವುದಿಲ್ಲ. ಯಂತ್ರದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ತಿಳಿದಿರುವುದು ನಮ್ಮ ಧರ್ಮ. ಎಲ್ಲೆಯಾಚೆಗೆ ಮುದ್ರಿತ ಸೂಚಿಗಳ ದಪ್ಪ ಸಂಪುಟಗಳನ್ನು ತಿರುವಬೇಕಾದಲ್ಲಿ ಧೂಳು ಕೊಡವಿ ತಿರುವಬೇಕು.

ಮಾಷ್ಟ್ರು: ಯಂತ್ರವೆಂದೆಯಲ್ಲ. ನನ್ನ ಮೊಮ್ಮಗ ಈಗ ನಿನ್ನ ಪಬ್‌ಮೆಡ್ಡನ್ನೂ ಕೇಳುವುದಿಲ್ಲ. ಮೊಬೈಲಿನಲ್ಲಿ ಮಾತಾಡುವ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತಾನೆ. ಅದು ಕನ್ನಡದಲ್ಲಿ, ಅದೂ ಸುಶಿಕ್ಷಿತರ ಕನ್ನಡದಲ್ಲಿ, ಆಧಾರ ಗ್ರಂಥಗಳ ಸಮೇತ ಉತ್ತರ ಕೊಡುತ್ತದೆ.

ಗ್ರಂಥಪಾಲಕಿ: ಆ ಆಧಾರಗಳ ಮಾತನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದ ಕೊನೆಯ ಪಟ್ಟಿಯನ್ನು ತಂದು, ಅದರಲ್ಲಿನ ಒಂದು ಲೇಖನ ಸಿಗುತ್ತಿಲ್ಲವೆಂದು ನನ್ನ ಮೇಜಿನ ಮೇಲಿಟ್ಟ. ಲೇಖಕರ ಹೆಸರು ನಿಜವಾದದ್ದು, ಅವರು ಆ ವಿಷಯದಲ್ಲಿ ಕೆಲಸ ಮಾಡಿದವರೇ, ಪತ್ರಿಕೆ ನಿಜವಾದದ್ದು, ವರ್ಷವೂ ಸಂಪುಟವೂ ಒಂದಕ್ಕೊಂದು ಸರಿಹೊಂದುತ್ತಿದ್ದವು. ಸಂಪುಟವನ್ನು ತೆಗೆದು ಆ ಪುಟವನ್ನು ಬಿಡಿಸಿದರೆ ಅಲ್ಲಿ ಬೇರೆ ಯಾರದೋ, ಬೇರೆ ಯಾವುದೋ ಅಂಗವನ್ನು ಕುರಿತ ಲೇಖನ ಅರ್ಧಕ್ಕೆ ಬಂದು ನಿಂತಿತ್ತು. ಯಂತ್ರವು ನಿಜವಾದ ತುಂಡುಗಳನ್ನೇ ಕೂಡಿಸಿ, ಎಂದೂ ಹುಟ್ಟದ ಲೇಖನವೊಂದಕ್ಕೆ ಜಾತಕ ಬರೆದಿತ್ತು. ಇದು ಅಪರೂಪವೇನಲ್ಲ, 2023ರಲ್ಲಿ ‘ಕ್ಯೂರಿಯಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚಾಟ್‌ಜಿಪಿಟಿ ಕೊಟ್ಟ 115 ವೈದ್ಯಕೀಯ ಆಧಾರಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ನೂರಕ್ಕೆ 47 ಕಲ್ಪಿತವಾಗಿದ್ದವು, 46 ನಿಜವಾದರೂ ವಿವರದಲ್ಲಿ ತಪ್ಪಾಗಿದ್ದವು, ಅಸ್ತಿತ್ವವೂ ವಿವರವೂ ಸರಿಯಾಗಿದ್ದವು 7 ಮಾತ್ರ. ಅದಾದಮೇಲೆ ಈ ಯಂತ್ರಗಳು ಬಹಳ ಸುಧಾರಿಸಿವೆ, ಇನ್ನೂ ಸುಧಾರಿಸುತ್ತವೆ. ಕಠಿನವಾದ ಲೇಖನವನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವುದಕ್ಕೂ, ಹುಡುಕಲು ಪರ್ಯಾಯ ಪದಗಳನ್ನು ಸೂಚಿಸುವುದಕ್ಕೂ ನಾನೇ ಅವನ್ನು ಬಳಸುತ್ತೇನೆ, ಕೃತಜ್ಞತೆಯಿಂದ ಬಳಸುತ್ತೇನೆ. ಆದರೆ ನಿಮ್ಮ ಮೊಮ್ಮಗನಿಗೆ ಒಂದು ಅಭ್ಯಾಸವನ್ನು ಹೇಳಿಕೊಡಿ: ಪಬ್‌ಮೆಡ್‌ನ ಪ್ರತಿ ದಾಖಲೆಗೂ ಒಂದು ಸಂಖ್ಯೆಯಿದೆ, ಯಂತ್ರ ಹೇಳಿದ ಲೇಖನದ ತಲೆಬರಹವನ್ನು ಅಲ್ಲಿ ಹುಡುಕಿ, ಆ ಸಂಖ್ಯೆ ಕೈಗೆ ಸಿಕ್ಕಿ, ಸಾರಾಂಶವನ್ನು ತಾನೇ ಓದುವವರೆಗೆ ಅದು ಆಧಾರವಲ್ಲ.

ಮಾಷ್ಟ್ರು: ಸಿಕ್ಕರೆ ನಂಬಬಹುದೋ?

ಗ್ರಂಥಪಾಲಕಿ: ಹಿಂತೆಗೆದುಕೊಂಡಿದ್ದಾರೋ ಎಂದೂ ನೋಡಬೇಕು, ಪಬ್‌ಮೆಡ್ ಅದನ್ನು ತಲೆಯ ಮೇಲೆಯೇ ಬರೆದಿರುತ್ತದೆ. ಕೋವಿಡ್ಡಿನ ಕಾಲದಲ್ಲಿ, 2020ರ ಮೇ 22ರಂದು, ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕರವೆಂಬ ಲೇಖನ ‘ಲ್ಯಾನ್ಸೆಟ್’ನಂಥ ಪತ್ರಿಕೆಯಲ್ಲಿ ಬಂತು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಪರೀಕ್ಷೆಯ ಆ ಭಾಗವನ್ನು ನಿಲ್ಲಿಸಿತು, ಅಂಕಿ-ಅಂಶಗಳ ಮೂಲವನ್ನು ಪರಿಶೀಲಿಸಲು ಬಿಡದಾದಾಗ ಜೂನ್ 4ರಂದು ಲೇಖನವನ್ನೇ ಹಿಂತೆಗೆದರು. ಆ ಔಷಧ ಆಸ್ಪತ್ರೆ ಸೇರಿದ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಅದೇ ತಿಂಗಳು ಇಂಗ್ಲೆಂಡಿನ ‘ರಿಕವರಿ’ ಪರೀಕ್ಷೆಯಿಂದ ತಿಳಿದದ್ದು ಬೇರೆ ಮಾತು. ಮೊದಲ ಸುದ್ದಿ ಮುಖಪುಟದಲ್ಲಿ ಬಂದಷ್ಟು ದೊಡ್ಡದಾಗಿ ಹಿಂತೆಗೆತದ ಸುದ್ದಿ ಬರುವುದಿಲ್ಲ.

ಮಾಷ್ಟ್ರು: ಕೋಟದ ಕಾರಂತರು ನೆನಪಿಗೆ ಬರುತ್ತಾರೆ. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಹೊತ್ತರು. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಹೆಣ್ಣುಮಕ್ಕಳಿಗೆ ಅವರ ಶರೀರದ ವಿಷಯವನ್ನು ಅಂಜಿಕೆಯಿಲ್ಲದೆ ಕನ್ನಡದಲ್ಲಿ ತಿಳಿಸಿದರು. ಅಂಥವರು ಒಬ್ಬಿಬ್ಬರಿದ್ದರೆ ನಿನ್ನ ಯಂತ್ರಗಳೂ ಸಂಖ್ಯೆಗಳೂ ನಮಗೆ ಬೇಕಾದಾವೆ?

ಗ್ರಂಥಪಾಲಕಿ: ಅವರಂಥವರು ಇಂದು ಬರೆಯಹೊರಟರೂ ಅವರ ಬೆನ್ನಿಗೆ ಹುಡುಕಿ ಕೊಡುವವರೊಬ್ಬರು ಬೇಕಾಗುತ್ತಾರೆ, ಮಾಷ್ಟ್ರೇ, ಪುಸ್ತಕ ಅಚ್ಚಾಗಿ ಹೊರಬರುವಷ್ಟರಲ್ಲಿ ಉತ್ತರ ಬದಲಾಗಿರುವ ಕಾಲ ಇದು. ನನ್ನ ದುಃಖವಿರುವುದು ಬೇರೆ ಕಡೆ. ಸರಕಾರವು ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಯಿಂದ 2025ರ ಜನವರಿಯಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆತ್ತು, ಸುಮಾರು 13,000 ವಿದ್ವತ್ಪತ್ರಿಕೆಗಳನ್ನು ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ತೆರೆದಿದೆ, ದೊಡ್ಡ ಉಪಕಾರ. ಆದರೆ ಆ ಬಾಗಿಲು ಕಾಲೇಜಿನ ಆವರಣದೊಳಗಿದೆ. ಬೈಂದೂರಿನ ಪೇಟೆಯಲ್ಲಿ ಒಬ್ಬರೇ ಕುಳಿತು ದಿನವಿಡೀ ರೋಗಿಗಳನ್ನು ನೋಡುವ ವೈದ್ಯರಿಗೂ ಅದಿಲ್ಲ, ಅವರ ಬೆಂಚಿನ ಮೇಲೆ ಕಾದು ಕುಳಿತವರಿಗೆ ಮೊದಲೇ ಇಲ್ಲ. ಕೈಯಲ್ಲಿ ಮೊಬೈಲ್ ಇರುವ ಎಲ್ಲರಿಗೂ ಸುದ್ದಿ ತಲುಪುತ್ತದೆ. ಸುದ್ದಿಯ ಪ್ರಶ್ನೆ ಯಾರಿಗೂ ತಲುಪುವುದಿಲ್ಲ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಮಾಡಿ ಕಂಪ್ಯೂಟರುಗಳನ್ನು ಕೊಟ್ಟಿದ್ದಾರೆ. ಅಲ್ಲಿಗೆ ಬಂದವನೊಬ್ಬ ‘ಈ ಸುದ್ದಿ ನಿಜವೇ’ ಎಂದು ಒಂದು ಚೀಟಿ ಬರೆದಿಟ್ಟು ಹೋದರೆ, ಅದು ವಾರಕ್ಕೊಮ್ಮೆ ವೈದ್ಯಕೀಯ ಗ್ರಂಥಾಲಯಕ್ಕೆ ಬಂದು, ಹುಡುಕಿದ ಫಲ ಎರಡು ಪುಟ ಕನ್ನಡದಲ್ಲಿ ಅವನಿಗೂ ಅವನ ವೈದ್ಯರಿಗೂ ಹಿಂದಿರುಗುವಂತೆ ಮಾಡುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನು ಬೇಡ. ಒಬ್ಬ ಗ್ರಂಥಪಾಲಕನ ವಾರದ ಒಂದು ಮಧ್ಯಾಹ್ನ ಸಾಕು. ಔಷಧ ಹೇಳತಕ್ಕವಳು ನಾನಲ್ಲ. ವೈದ್ಯರ ಕೈಗೆ ಸರಿಯಾದ ಕಾಗದವನ್ನು ಮುಟ್ಟಿಸುವುದಷ್ಟೇ.

ಮಾಷ್ಟ್ರು: ಮೇಲಿನವರು ಒಪ್ಪಿ ಆದೇಶ ಹೊರಡಿಸುವವರೆಗೆ ಕಾಯಬೇಕೆ?

ಗ್ರಂಥಪಾಲಕಿ: ನಿಮ್ಮ ಅರಿವು ಕೇಂದ್ರದ ಮೇಲ್ವಿಚಾರಕರು ನಿಮ್ಮ ಶಿಷ್ಯರಲ್ಲವೆ?

ಮಾಷ್ಟ್ರು: ಶಿಷ್ಯನೇ, ಒಳ್ಳೆಯ ಹುಡುಗ. ಮೇಜಿನ ಮೇಲೊಂದು ಡಬ್ಬಿ ಇಡಿಸುವ ಭಾರ ನನಗಿರಲಿ. ಮೊದಲ ಚೀಟಿಯೂ ನನ್ನದೇ: ಸಕ್ಕರೆ ಕಾಯಿಲೆಯವನು ಕುಚ್ಚಲಕ್ಕಿಯನ್ನು ಬಿಟ್ಟು ಸಿರಿಧಾನ್ಯಕ್ಕೆ ಹೋಗಬೇಕೆಂದು ಬಂದ ಸುದ್ದಿ. ಚೀಟಿಯಲ್ಲಿ ಏನೇನು ಬರೆಯಬೇಕು ಹೇಳು, ಇಂದೇ ಬರೆದುಕೊಳ್ಳುತ್ತೇನೆ.

ಗ್ರಂಥಪಾಲಕಿ: ಹೆಸರು ಬೇಡ. ವಯಸ್ಸು, ಗಂಡೋ ಹೆಣ್ಣೋ, ಕಾಯಿಲೆ ಎಷ್ಟು ಕಾಲದ್ದು, ಈಗ ನುಂಗುತ್ತಿರುವ ಮಾತ್ರೆ ಯಾವುದು, ಊಟಕ್ಕೆ ಏನಿರುತ್ತದೆ ಎಂದಿಷ್ಟು ಬರೆಯಿರಿ. ಸುದ್ದಿ ಎಲ್ಲಿ, ಯಾವ ದಿನ ಬಂತೆಂಬುದನ್ನು ಬಿಡಬೇಡಿ, ಸಾಧ್ಯವಾದರೆ ಕಾಗದವನ್ನೇ ಕತ್ತರಿಸಿ ಅಂಟಿಸಿ. ಮತ್ತೆ, ಮಾಷ್ಟ್ರೇ, ಕುಚ್ಚಲಕ್ಕಿ ಬೇಯಿಸಿ ಗಂಜಿ ಬಸಿಯುತ್ತೀರೋ, ಗಂಜಿಯೊಡನೆಯೇ ಉಣ್ಣುತ್ತೀರೋ ಎಂಬುದನ್ನೂ ಒಂದು ಸಾಲು ಸೇರಿಸಿ. ನನಗೆ ಹುಡುಕಲು ಅದು ಬೇಕಾಗುತ್ತದೆ.